ಚುಕ್ಕಿಯ ತ್ರಿಕೋನ

ಹುಕ್ಕೇರಿ, ೨೦೦೧

ಬಾಬಾಸಾಹೇಬ ಅಣ್ಣಗ ಆರತಿಯ ಜಯಜಿನೇಂದ್ರ.

ಇವತ್ತ ಕಂಪ್ಯೂಟರ್ ಕ್ಲಾಸಿನಾಗ ಹುಡುಗ್ಯಾರಿಗೆ ಚುಕ್ಕಿಲೇ ತ್ರಿಕೋನ ಬರಿಯೂ ಪ್ರೋಗ್ರಾಮ್ ಕಲಸಾಕತ್ತಿದ್ದೆ. ಮೊದಲ ಸಾಲಿಗೆ ಒಂದು ಚುಕ್ಕಿ, ಮುಂದಿನದಕ್ಕ ಎರಡು. ಅಷ್ಟರಾಗ ನಮ್ಮ ಮನಿಯವರು ಬಾಗಲದಾಗ ಬಂದು ನಿಂತ್ರು. ಅವರ ಮನಿ ಬಿಟ್ಟು ಬಂದು ನಾನು ಇಲ್ಲಿರೂದು ಅವರಿಗೆ ಯಾರು ಹೇಳಿದ್ರೋ. ಪ್ರೋಗ್ರಾಮ್ ಎಲ್ಲಿ ನಿಲ್ಲಬೇಕಂತ ಬರಿಯೂದ ಮರತೆ. ಪರದೆ ತುಂಬ ಚುಕ್ಕಿ ಒಂದೇ ಸಮ ಓಡಿದ್ವು.

"ಮನಿಗೆ ನಡಿ" ಅಂದ್ರು.

"ಪಾಠ ಮುಗದಿಲ್ರಿ" ಅಂದೆ.

ಈಗ ಹೊರಗ ಕುಂತಾರ. ಹೊತ್ತಾದ್ರೂ ಹುಡುಗ್ಯಾರು ಎದ್ದಿಲ್ಲ. "ಅಕ್ಕಾರ, ಇನ್ನೊಂದು ಚಿತ್ರ ಕಲಸ್ರಿ" ಅಂತಾರ. ಅವರೊಳಗ ಭಾಗ್ಯಾ ಈ ಪತ್ರ ನಮ್ಮೂರು ಘೋಡಗೇರಿಗೆ ಬರೂ ಬಸ್ಸಿನ ಕಂಡಕ್ಟರಗ ಕೊಟ್ಟು ಬರ್ತಾಳ. ಜೀಪು ತಗೊಂಡು ಬಾ, ಕಾಕಾನ್ನೂ ಕರಕೊಂಡು ಬಾ. ನನ್ನ ಕೈಯಾಗಿನ ಸುಟ್ಟ ಗಾಯ ಮಾದೈತಿ ಅಂತಷ್ಟ ಅವ್ವಗ ಹೇಳು. ನೀ ಬರೂತನಕ ಇವರಿಗೆ ಚೌಕ ಕಲಸ್ತಿರ್ತೇನಿ.

ನಿನ್ನ ತಂಗಿ,
ಆರತಿ