ಪೋಸ್ಟರಿನಲ್ಲಿ ನಿಮ್ಮ ಹೆಸರು

ಅಲ್ ಕುಸೈಸ್, ದುಬೈ
ನವೆಂಬರ್ ೨೦೧೩

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾಯಿತು. ತಲುಪದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಕಳೆದ ಶುಕ್ರವಾರ ಅಬುಧಾಬಿಯ ಒಂದು ಚಿತ್ರೋತ್ಸವಕ್ಕೆ ಹೋಗಿದ್ದೆ. ಇಟಲಿಯ ಹಿರಿಯ ನಟ ರೆನಾತೊ ಫಾಲ್ಕಿ ಬಂದಿದ್ದರು. ನಲವತ್ತು ವರ್ಷಗಳಿಂದ ಅವರು ಮಾಡಿದ್ದೆಲ್ಲ ಒಂದೆರಡು ವಾರ ಓಡುವ ಕಲಾತ್ಮಕ ಚಿತ್ರಗಳೇ. ಪ್ರದರ್ಶನ ಮುಗಿದ ಮೇಲೆ ನಾನು ಎದ್ದು ನಿಂತು, "ನಿಮ್ಮ ತಂದೆ ನಿಮ್ಮ ಅಭಿನಯ ನೋಡಿದ್ದರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಇಲ್ಲ. ಅವರು ಬಡಗಿ. ನಟನೆ ಒಂದು ಕೆಲಸವೇ ಅಲ್ಲ ಅನ್ನುತ್ತಿದ್ದರು. ನಾನು ಅವರ ಒಪ್ಪಿಗೆಗೆ ಕಾಯಲಿಲ್ಲ," ಎಂದರು.

ನಾನು ಕಾದೆ. ಕಾಲೇಜಿನ ನಾಟಕದ ಹಿಂದಿನ ದಿನ ನೀವು, "ಬಣ್ಣ ಹಚ್ಚುದೆಲ್ಲ ಬೇಡ, ಗೊತ್ತಾಯ್ತಾ?" ಎಂದಿರಿ. ಆ ಪಾತ್ರ ಬಿಟ್ಟು ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈ ಶನಿವಾರ ಇಲ್ಲಿನ ಕನ್ನಡ ನಾಟಕ ತಂಡಕ್ಕೆ ಸೇರಿದೆ. ಮುಖ್ಯ ಪಾತ್ರವೇ ಸಿಕ್ಕಿದೆ.

ಪೋಸ್ಟರಿಗೆ ಹೆಸರು ಬರೆಯುವಾಗ ತಂಡದ ದೀಪ್ತಿ, "ಗಂಡನ ಹೆಸರು ಹಾಕುದಲ್ವಾ ಮಾರಾಯ್ತಿ?" ಎಂದಳು. ಅಲ್ಲ ಎಂದೆ. ಅಶ್ಮಿತಾ ಜಯಪಾಲ ಎಂದೇ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೇನೆ. ನಿಮ್ಮ ಹೆಸರನ್ನು ರಂಗಕ್ಕೆ ಎಳೆಯಬಾರದೆಂದೂ ಆ ದಿನ ಹೇಳಿದ್ದಿರಿ. ಎಳೆದಿದ್ದೇನೆ. ಇನ್ನು ನಾನು ಆಡುವಲ್ಲಿಗೆಲ್ಲ ನೀವೂ ಬರಲೇಬೇಕು.