ದುಮ್ಯಾತ್ ಬಡಗಿಗಳ ದೆವ್ವದ ಮನೆ

ರಾಸ್ ಎಲ್ ಬರ್,
ಭಾನುವಾರ, 9 ಜೂನ್ 1991

ಸಬಾಹಳ ಅಪ್ಪನಿಗೆ ನಿಮ್ಮ ಇನ್ಸಾಫಳ ಸಲಾಮು.

ಬೆಂಘಾಜಿಯ ಬಿಸಿಲು ನಿಮ್ಮ ನೆತ್ತಿಗೆ ಹತ್ತಿಲ್ಲ ತಾನೆ? ಬೆನ್ನುನೋವು ಹೇಗಿದೆ? ಹೋದ ಪತ್ರದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಿರಿ. ನೀವು ಪರವಾಗಿಲ್ಲ ಎಂದರೆ ಬಗ್ಗಲು ಆಗುತ್ತಿಲ್ಲ ಎಂದೇ ನನ್ನ ಲೆಕ್ಕ. ಅಲ್ಲಿಯವರ ಅಡುಗೆಗೆ ಖಾರ ಹೆಚ್ಚಂತೆ, ರಾತ್ರಿ ಹೊತ್ತು ಮೊಸರು ತಿನ್ನಿ. ಸಬಾಹಳ ಮುಂದಿನ ಹಲ್ಲು ಬಿತ್ತು. ಅದನ್ನು ಸೂರ್ಯನ ಕಡೆ ಎಸೆದು, “ಕತ್ತೆ ಹಲ್ಲು ತಗೋ, ಮದುಮಗಳ ಹಲ್ಲು ಕೊಡು” ಎಂದು ಕೂಗಿ ಇಡೀ ಓಣಿಯನ್ನೇ ಎಬ್ಬಿಸಿದಳು. ಗಂಟಲು ಥೇಟ್ ನನ್ನದೇ, ಏನು ಮಾಡುವುದು.

ಈಗ ಸುದ್ದಿ. ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಖುಷಿಯಲ್ಲಿ ಗೀಚುತ್ತಿದ್ದೇನೆ. ನೀವು ದುಡಿಯಲು ಬೆಂಘಾಜಿಗೆ ಹೋದ ಮೇಲೆ ದುಮ್ಯಾತಿನ ನಮ್ಮ ಮರಗೆಲಸದ ಕಾರ್ಖಾನೆಯಲ್ಲಿ ಒಂದು ಕುರ್ಚಿಗೂ ಗಿರಾಕಿ ಇರಲಿಲ್ಲವಲ್ಲ, ಆಗ ನಾನು ಕಡಲ ದಂಡೆಯ ಆಟದ ಪಾರ್ಕಿನ ಹಾಜಿ ಫತೂಹರ ಬಳಿ ಹೋಗಿ, ನಿಮಗೊಂದು ದೆವ್ವದ ಮನೆ ಕಟ್ಟಿಕೊಡುತ್ತೇವೆ ಎಂದುಬಿಟ್ಟೆ. ಸೋಫಾ ಬಟ್ಟೆಯ ತುಂಡುಗಳನ್ನು ತಲೆಯ ಮೇಲೆ ಹೊತ್ತು ಮಾರಿ ಮೇಲೆ ಬಂದವಳಿಗೆ ದೆವ್ವ ಮಾರುವುದೇನು ದೊಡ್ಡದು? ಹಾಜಿ ಒಪ್ಪಿದರೆ ಕಾರ್ಖಾನೆ ಉಳಿಯುತ್ತದೆ, ನೀವು ಊರಿಗೆ ಬರಬಹುದು. ಒಪ್ಪದಿದ್ದರೆ ಅವರು ಇಟಲಿಯಿಂದ ಸಿದ್ಧ ಮನೆಯನ್ನೇ ತರಿಸುತ್ತಾರೆ. ನಮ್ಮ ಬಾಗಿಲಿಗೆ ಬೀಗ, ನಿಮಗೆ ಮತ್ತೆ ಬೆಂಘಾಜಿಯೇ ಗತಿ. ನಾನು ಆಡಿದ ಜೂಜು ಇದು.

ಕೆಲಸವೆಲ್ಲ ಮೇಸ್ತ್ರಿ ಇಸಾವಿ ಮತ್ತು ನಿಮ್ಮ ಕೈಯಲ್ಲಿ ಪಳಗಿದ ಹುಡುಗರದು. ಅಸ್ಥಿಪಂಜರದ ಪಕ್ಕೆಲುಬುಗಳು ನಮ್ಮ ಮಾರಾಟವಾಗದ ಕುರ್ಚಿಗಳ ಬೆನ್ನುಪಟ್ಟಿಗಳು, ಪಿಶಾಚಿಯ ಹಲ್ಲು ಉಳಿದುಹೋದ ಮುತ್ತಿನ ಚಿಪ್ಪು. ಏನೂ ದಂಡವಾಗಲಿಲ್ಲ. ತಪ್ಪಾದದ್ದು ಬೇರೆ ಕಡೆ. ದುಮ್ಯಾತಿನವನ ಕೈಗೆ ಮರ ಕೊಟ್ಟು ‘ಅಸಹ್ಯವಾಗಿ ಮಾಡು’ ಎಂದರೆ ಅವನಿಗೆ ಬರುತ್ತದೆಯೇ? ಇಸಾವಿ ಶವಪೆಟ್ಟಿಗೆಯ ಮೇಲೆಲ್ಲ ಗುಲಾಬಿ ಕೆತ್ತಿ ಚಿನ್ನದ ರೇಕು ಹಚ್ಚಿದ್ದರು. ಬಾಗಿಲುಗಳು ಕಿರ್ರ್ ಎನ್ನಲಿ ಎಂದು ಹಾಜಿ ಬಾರಿ ಬಾರಿ ಹೇಳಿದ್ದರೂ ಒಂದೂ ಕಿರ್ರ್ ಎನ್ನಲಿಲ್ಲ. “ಕಿರುಗುಟ್ಟೋ ಬಾಗ್ಲು ಕೂರ್ಸಿ ಸತ್ರೆ ನನ್ನಪ್ಪಂಗೆ ಏನು ಮುಖ ತೋರ್ಸ್ಲಿ?” ಎಂದು ಇಸಾವಿ ಹಟ ಹಿಡಿದು ಬಿಜಾಗರಿಗಳಿಗೆ ಎಣ್ಣೆ ಬಿಟ್ಟಿದ್ದರು.

ಗುರುವಾರ ಜನರನ್ನು ಕಂಬಿಗಳ ಮೇಲೆ ಓಡುವ ಪುಟ್ಟ ಗಾಡಿಯಲ್ಲಿ ಪುಕ್ಕಟೆ ಕೂರಿಸಿ, ಒಳಗೆಲ್ಲ ಸುತ್ತಿಸಿ ನೋಡಿದೆವು. ಒಬ್ಬರೂ ಕಿರುಚಲಿಲ್ಲ. ಮೀನು ಮಾರುವ ನಆಮಾತ್ ನಡುದಾರಿಯಲ್ಲಿ ಗಾಡಿಯಿಂದ ಇಳಿದು, ಶವಪೆಟ್ಟಿಗೆಯನ್ನು ಸವರಿ ನೋಡಿ ಬಂದು, “ಇನ್ಸಾಫಕ್ಕ, ನಮ್ಮ ಹುಡ್ಗಿ ಮದ್ವೆಗೆ ಇಂಥದ್ದೇ ಒಂದು ಬಟ್ಟೆ ಪೆಟ್ಗೆ ಮಾಡ್ಕೊಡ್ತೀಯಾ?” ಎಂದಳು. ಹಾಜಿ ಮುಖ ಹುಳ್ಳಗೆ ಮಾಡಿಕೊಂಡರು. “ಇದೇನಮ್ಮಾ, ದೆವ್ವದ ಮನೇನೋ, ಮದುಮಗಳ ಕೋಣೇನೋ? ಶನಿವಾರ ನಾನೇ ಕೂತು ನೋಡ್ತೀನಿ. ಎದೆ ಝಲ್ ಅನ್ಲಿಲ್ಲ ಅಂದ್ರೆ ನಿಮ್ಮ ಮರ ನೀವೇ ಹೊತ್ಕೊಂಡು ಹೋಗಿ!”

ಶುಕ್ರವಾರ ರಾತ್ರಿ ಪಾರ್ಕು ಖಾಲಿಯಾದ ಮೇಲೆ, ಎಡವಟ್ಟು ಎಲ್ಲಿದೆ ನೋಡೇಬಿಡೋಣ ಎಂದು ನಾನೊಬ್ಬಳೇ ಗಾಡಿ ಹತ್ತಿದೆ. ಕಟ್ಟಿದವರು ಕೂತು ಪ್ರಯೋಜನವಿಲ್ಲ, ಅವರಿಗೆ ಪ್ರತಿಯೊಂದು ಮೊಳೆಯೂ ಗೊತ್ತು. ಸ್ವಿಚ್ಚಿನ ಬಳಿ ಕೂತ ಇಸಾವಿ, “ತಾಯಿ, ಒಳಗೆ ಹೋಗ್ತಾ ದಸ್ತೂರ್ ಅನ್ನು. ಕತ್ಲಲ್ಲಿರೋರ ಅಪ್ಪಣೆ ಕೇಳ್ಬೇಕು” ಎಂದರು. “ಒಳಗಿರೋರನ್ನೆಲ್ಲ ನೀವೇ ಉಜ್ಜಿ ಪಾಲಿಶ್ ಹೊಡ್ದಿದೀರಿ, ಅಪ್ಪಣೆ ಅವ್ರೇ ನಮ್ಮನ್ನ ಕೇಳ್ಲಿ” ಎಂದೆ.

ಗಾಡಿ ಹೊರಟಿತು. ಕೆಂಪು ದೀಪಗಳು, ಟೇಪಿನಲ್ಲಿ ಊಳಿಡುವ ತೋಳ. ನಾನು ಆಕಳಿಸಿದೆ, ನಿಮ್ಮಾಣೆ. ಪಿಶಾಚಿಯ ಮೊಣಕಾಲಿನ ಮೇಲೆ ಪಾಲಿಶ್ ಗೀರಿದ್ದೂ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಊರಿನ ಕರೆಂಟು ಹೋಯಿತು. ದೀಪ ಆರಿತು, ತೋಳ ಅರ್ಧ ಊಳಿಗೇ ಸತ್ತಿತು, ಗಾಡಿ ನಿಂತಿತು. ಕತ್ತಲೆಯೆಂದರೆ ನನ್ನ ಕೈ ನನಗೆ ಕಾಣದಂಥ ಕತ್ತಲೆ. ಇಸಾವಿಯನ್ನು ಕರೆಯಬೇಕು ಎಂದುಕೊಳ್ಳುತ್ತಿದ್ದೆ, ಹಿಂದಿನಿಂದ ಬಂದ ತಂಗಾಳಿ ಕತ್ತಿಗೆ ತಾಗಿತು. ಅದರ ಹಿಂದೆಯೇ ತಣ್ಣಗಿನದೇನೋ ಒಂದು ಮೆತ್ತಗೆ, ತೀರಾ ಮೆತ್ತಗೆ ನನ್ನ ಹೆಗಲ ಮೇಲೆ ಕೂತಿತು. ಹೆಜ್ಜೆ ಸಪ್ಪಳವಿಲ್ಲ, ಉಸಿರಿಲ್ಲ. ಬಂದದ್ದೇ ಗೊತ್ತಾಗಲಿಲ್ಲ.

ಆಮೇಲಿನದನ್ನು ಇಸಾವಿಯ ಬಾಯಿಂದ ಕೇಳಬೇಡಿ, ಉಪ್ಪುಖಾರ ಹಚ್ಚುತ್ತಾರೆ. “ದಸ್ತೂರ್! ದಸ್ತೂರ್!” ಎಂದು ಅರಚುತ್ತಾ, ಕಂಬಿಗಳ ಮೇಲೆ ಎಡವುತ್ತಾ ಆಚೆ ಬಂದು ಮರಳಲ್ಲಿ ಕುಸಿದೆ. ಇಸಾವಿ ಲಾಟೀನು ಹಿಡಿದು ಒಳಹೋಗಿ ನೋಡಿದರು. ಕಂಬಿಯ ಪಕ್ಕ ಇಸಾವಿಯೇ ಮಾಡಿ ನಿಲ್ಲಿಸಿದ್ದ ಬೀರುವಿನ ಬಾಗಿಲು ಕಡಲ ಗಾಳಿಗೆ ತೆರೆದುಕೊಂಡಿತ್ತು, ಅಷ್ಟೇ. ಹೆಗಲಿಗೆ ತಾಗಿದ್ದು ಅದರ ಹಿತ್ತಾಳೆಯ ಹಿಡಿ. ಉಸಿರು ಬಿಟ್ಟರೆ ಸಾಕು ತೆರೆಯುವಂತೆ, ತೆರೆದದ್ದೇ ತಿಳಿಯದಂತೆ ಕೂರಿಸಿದ ಬಾಗಿಲು. ಕಿರ್ರ್ ಎಂದಿದ್ದರೆ ‘ಓಹೋ, ಬಾಗಿಲು’ ಎಂದು ಸುಮ್ಮನಿರುತ್ತಿದ್ದೆ! ಮರಳಲ್ಲಿ ಕೂತಲ್ಲೇ ನನಗೆ ನಗು ಬಂತು. “ಮೇಸ್ತ್ರಿ, ಟೇಪು ಕಿತ್ಹಾಕಿ. ದೀಪಾನೂ ಕಿತ್ಹಾಕಿ” ಎಂದೆ. ಪಾಪ, ಅವರಿಗೆ ಸಂಕಟ: “ಹಂಗಾದ್ರೆ ನನ್ನ ಗುಲಾಬಿ ಯಾರು ನೋಡ್ತಾರೆ?” “ಯಾರೂ ನೋಡೋದು ಬೇಡ, ಕತ್ಲಲ್ಲಿ ಕೈಗೆ ಸಿಗ್ಲಿ ಸಾಕು!”

ನಿನ್ನೆ ರಾತ್ರಿ ಹಾಜಿ ಫತೂಹ್ ಒಬ್ಬರೇ ಒಳಗೆ ಹೋದರು. ಕಡಲೆಕಾಯಿ ಮಾರುವವನಿಂದ ಹಿಡಿದು ನಆಮಾತ್‌ವರೆಗೆ ಎಲ್ಲರೂ ಹೊರಗೆ ಕಿವಿಗೊಟ್ಟು ನಿಂತಿದ್ದೆವು. ಏನೂ ಕೇಳಿಸಲಿಲ್ಲ. ಇಸಾವಿ ಜಪಮಣಿ ಎಣಿಸುತ್ತಿದ್ದರು. ಆಗ ಒಳಗಿನಿಂದ ಬಂತು ನೋಡಿ ಒಂದು ಚೀತ್ಕಾರ! ಪಕ್ಕದ ಉಯ್ಯಾಲೆಯ ಮಕ್ಕಳೆಲ್ಲ ಗಪ್‌ಚಿಪ್. ಗಾಡಿ ಹೊರಬಂದಾಗ ಹಾಜಿಯ ತಲೆಯ ಮೇಲೆ ಟೋಪಿ ಇರಲಿಲ್ಲ. “ಬಾಗ್ಲು ತೆಗ್ದಿದ್ದು ಯಾರು? ಒಳಗೆ ಯಾರ್ನ ಕೂರ್ಸಿದೀರಿ?” ಎಂದರು. “ಯಾರೂ ಇಲ್ಲ ಹಾಜಿ, ಅದು ನಮ್ಮ ದುಮ್ಯಾತ್ ಕೆಲ್ಸ” ಎಂದೆ. ಅವರು ನೀರು ಕುಡಿದು, ಸುಧಾರಿಸಿಕೊಂಡು, ಇನ್ನೊಂದು ಸಲ ಹತ್ತಿದರು! ಮನೆ ಒಪ್ಪಿಗೆಯಾಯಿತು. ನಆಮಾತ್ ಜಗುಲಿ ಹತ್ತಿ ಮದುವೆಮನೆಯಲ್ಲಿ ಹಾಕುವ ಹಾಗೆ ಕೇಕೆ ಹಾಕಿದಳು.

ಇಸಾವಿ ನಿಮಗೆ ಸಲಾಮು ಹೇಳಿದ್ದಾರೆ. ಸಬಾಹ್ ಬೊಕ್ಕುಬಾಯಲ್ಲಿ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ಬೆನ್ನನ್ನೂ ಕೈಯನ್ನೂ ಕಾಯಲಿ.

ನಿಮ್ಮ,
ಇನ್ಸಾಫ್

ತಾ.ಕ.: ಈ ಪತ್ರ ಬೆಂಘಾಜಿಗೆ ಒಯ್ಯುವ ಲಾರಿಯ ದಸೂಕಿ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಹಾಜಿಗೆ ಗಮಸಾದ ಕಡಲ ದಂಡೆಯಲ್ಲೂ ಇದಕ್ಕಿಂತ ದೊಡ್ಡ ದೆವ್ವದ ಮನೆಯೊಂದು ಬೇಕಂತೆ. ಬಾಗಿಲುಗಳನ್ನು ನನ್ನ ಯಜಮಾನರೇ ಕೂರಿಸುತ್ತಾರೆ, ಬಕ್ರೀದಿಗೆ ಊರಲ್ಲಿರುತ್ತಾರೆ ಎಂದು ಹಾಜಿಗೆ ಮಾತು ಕೊಟ್ಟಾಗಿದೆ. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ‘ನೋಡೋಣ’ ಎನ್ನುತ್ತಿದ್ದಿರಿ. ದಸೂಕಿ ವಾಪಸು ಬರುವಾಗ ಅವನ ಪಕ್ಕದ ಸೀಟು ನಿಮ್ಮದು. ಈ ಪತ್ರಕ್ಕೆ ಉತ್ತರ ಬರೆಯಬೇಡಿ, ಹತ್ತಿ ಕೂತುಬಿಡಿ.