ವಿನ್ನಿಯ ಕೈ

ಸೆಪ್ಟೆಂಬರ್ 10, ಮಂಗಳವಾರ. ಬೆಳಿಗ್ಗೆ 10:15, ಟ್ರಕ್ಕಿನಲ್ಲಿ

ಆಂಟೆನಾದ ಕೋಲು ಮತ್ತೆ ಜಾರಿತು. ನಡುವಿನ ಕೀಲು. ರೇನೊ ರೇಡಿಯೊದಲ್ಲಿ ಇನ್ನೂ ಗುಡ್ ಮಾರ್ನಿಂಗ್ ಹೊಡೆಯುತ್ತಿದ್ದ, ಅಷ್ಟರಲ್ಲಿ ಸುಯ್ಯೆಂದು ಎರಡಡಿ ಕೆಳಗೆ.

"ನಿನ್ನ ಕೋಲಿಗೆ ನನಗಿಂತ ಮುಂಚೆ ಮಂಡಿ ಹೋಯ್ತಲ್ಲೋ ಆರ್ನೆ."

ಅಳತೆ ಬರೆದಿಡುತ್ತೇನೆ, ಇನ್ನೊಂದು ಮಾಡಬೇಕಾದರೆ ಬೇಕು. ಚಾವಣಿಗೆ ಬಣ್ಣ ಹೊಡೆಯುವ ಕೋಲು, ಫೈಬರಿನದು, ಒಂದರೊಳಗೊಂದು ಮೂರು. ಪೂರಾ ಎಳೆದರೆ ಇಪ್ಪತ್ನಾಲ್ಕು ಅಡಿ. ತುದಿಗೆ ಅಡುಗೆಮನೆಯ ಪ್ಲಾಸ್ಟಿಕ್ ಮಣೆಯ ತುಂಡು. ಅಲ್ಲಿಂದ ಎರಡು ಕಡೆಗೆ ಹದಿನಾರೂವರೆ ಅಡಿ ವಯರ್ — ಹಳೇ ಟೇಬಲ್ ಲ್ಯಾಂಪಿನದು, ಸೀಳಿ ಎರಡು ಮಾಡಿದ್ದು. ಬುಡ ಒಂದು ಹಲಗೆಗೆ, ಹಲಗೆಯ ಮೇಲೆ ಟ್ರಕ್ಕಿನ ಚಕ್ರ. ಎತ್ತಲು ಹತ್ತು ನಿಮಿಷ, ಇಳಿಸಲು ಹತ್ತು. ರೇನೊ ಇರುವ ವೃದ್ಧಾಶ್ರಮದಲ್ಲಿ ಖಾಯಂ ಆಂಟೆನಾ ಕೂಡದು. ಮ್ಯಾನೇಜರಮ್ಮ ಹೇಳಿದ್ದು, "ಒಂದು ಗಂಟೆಗಿಂತ ಹೆಚ್ಚು ನಿಂತಿದ್ದರೆ ಅದು ಕಟ್ಟಡ ಅಂತ ಲೆಕ್ಕ."

ಒಂಬತ್ತಕ್ಕೆ ಸರಿಯಾಗಿ ರೇಡಿಯೊದಲ್ಲಿ ವಿನ್ನಿ ಬಂದಳು. ನ್ಯೂಫೌಂಡ್‌ಲ್ಯಾಂಡ್ ದ್ವೀಪದಿಂದ ಇಲ್ಲಿಗೆ, ಸಮುದ್ರ ದಾಟಿ, ಕಾಡು ದಾಟಿ, ನನ್ನ ಲ್ಯಾಂಪಿನ ವಯರಿಗೆ. ಅಲ್ಲಿ ಮಂಜು ಕವಿದಿದೆಯಂತೆ, ಮೀನು ಸಿಗುತ್ತಿಲ್ಲವಂತೆ. ಮೂವತ್ತೊಂದು ವರ್ಷದಿಂದ ಮಂಗಳವಾರ, ಶುಕ್ರವಾರ ಅವಳು, ರೇನೊ ಇಬ್ಬರೂ ಇಷ್ಟೇ ಮಾತಾಡುವುದು. ಎಲ್ಲಾ ಮೋರ್ಸಿನಲ್ಲಿ, ಚುಕ್ಕಿ ಗೀಟಿನ ಸಂಕೇತದಲ್ಲಿ. ಒಮ್ಮೆಯೂ ಮುಖ ನೋಡಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಕೀಲಿಗೆ ಪೈಪಿನ ಕ್ಲಾಂಪ್ ಹಾಕಿದೆ. ಜಾರಲಿಲ್ಲ. ರೇನೊಗೆ ಸಮಾಧಾನವಿಲ್ಲ. ವಯರ್ ಇನ್ನೂ ಎತ್ತರ ಹೋಗಬೇಕಂತೆ. ಎಂಬತ್ತಾರು ವರ್ಷ, ವೀಲ್‌ಚೇರು, ಮೇಲೆ ಎರಡು ಕಂಬಳಿ, ಆದರೂ ಉಸ್ತುವಾರಿ ಬಿಡುವುದಿಲ್ಲ. ಗಣಿಯ ಎಲೆಕ್ಟ್ರಿಷಿಯನ್ ಆಗಿದ್ದಾಗಿನ ಚಾಳಿ.

"ಫೋನ್ ಮಾಡಬಹುದಲ್ಲ ಅವಳಿಗೆ," ಅಂದೆ.

"ಫೋನಲ್ಲಿ ಏನು ಮಾತಾಡೋದು?"

ನರ್ಸ್ ಕ್ರಿಸ್ಟಿ ನಕ್ಕಳು. ಅವನು ನಗಲಿಲ್ಲ. ನಿಜವಾಗಿ ಕೇಳಿದ್ದು.

ಸೆಪ್ಟೆಂಬರ್ 27

ಚಳಿ ಶುರು. ಸರೋವರದ ಗಾಳಿ. ಕೋಲು ಬಿಲ್ಲಿನಂತೆ ಬಾಗುತ್ತದೆ, ಮುರಿಯುವುದಿಲ್ಲ. ಇಬ್ಬರೂ ಇವತ್ತು ಬರೀ ಆರು ನಿಮಿಷ. ರೇನೊ ಹೆಡ್‌ಫೋನ್ ತೆಗೆದಿಟ್ಟ. ಏನಾಯ್ತು ಅಂದರೆ "ಏನಿಲ್ಲ, ಸಿಗ್ನಲ್ ವೀಕು."

ಇನ್ನೊಂದು ಹೆಡ್‌ಫೋನಿನಲ್ಲಿ ನನಗೆ ಚೆನ್ನಾಗಿಯೇ ಕೇಳುತ್ತಿತ್ತು.

ಅಕ್ಟೋಬರ್ 4, ಶುಕ್ರವಾರ

ವಿನ್ನಿ ಬರಲಿಲ್ಲ. ರೇನೊ ಒಂಬತ್ತೂಮುಕ್ಕಾಲರ ತನಕ ಕರೆದ. "ನಿನ್ನ ಕೋಲೇ ಸರಿಯಿಲ್ಲ." ಇರಬಹುದು.

ಅಕ್ಟೋಬರ್ 8, ಮಂಗಳವಾರ

ಬರಲಿಲ್ಲ. ವಯರ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಫ್ಲೋರಿಡಾದವನೊಬ್ಬ ಸಿಕ್ಕ, ಪೋರ್ಚುಗಲ್ಲಿನವನೊಬ್ಬ ಸಿಕ್ಕ. ಅಂದರೆ ಕೋಲು ಸರಿಯಿದೆ. ಅದನ್ನು ರೇನೊಗೆ ಹೇಳಲಿಲ್ಲ.

ಅಕ್ಟೋಬರ್ 9

ಅವಳೂರಿನ ಅಂಚೆ ಕಚೇರಿಗೆ ಫೋನ್ ಮಾಡಿದೆ. ಅವರು ವಿನ್ನಿಯ ಅಣ್ಣನ ಮಗಳ ನಂಬರ್ ಕೊಟ್ಟರು. ಬರ್ನಡೆಟ್ ಅಂತ.

"ಓ, ರೇಡಿಯೊ ತಾತನಾ? ಅವರಿಗೆ ತಿಳಿಸಬೇಕು ಅಂತ ಎಲ್ಲ ಹುಡುಕಿದ್ವಿ. ಮನೇಲಿ ನಂಬರೇ ಇರಲಿಲ್ಲ."

ಎರಡನೇ ತಾರೀಖು ಹೋದಳಂತೆ. ಶನಿವಾರ ಮಣ್ಣು ಮಾಡಿದ್ದಾರೆ. ತಾತ ನಾನಲ್ಲ, ನಾನು ಅವನ ಸ್ನೇಹಿತ ಅಂದೆ. ಇನ್ನೂ ಮಾತಾಡಿದಳು. ಎಲ್ಲ ಬರೆಯಲು ಆಗುತ್ತಿಲ್ಲ.

ಅಕ್ಟೋಬರ್ 10

ಹೇಳಲೆಂದೇ ಹೋದೆ. ಬಾಗಿಲಲ್ಲಿ ಕ್ರಿಸ್ಟಿ ತಡೆದಳು. "ಮಂಗಳವಾರದಿಂದ ಬರೀ ಕಾಫಿ. ಒಂದು ತುತ್ತು ಇಳಿದಿಲ್ಲ. ಏನಾದ್ರೂ ಮಾಡಿ ಸಾರ್."

ಒಳಗೆ ಹೋದೆ. ಗೋಡೆ ಕಡೆ ತಿರುಗಿ ಮಲಗಿದ್ದ.

"ಸುದ್ದಿ ಏನಾದ್ರೂ?"

"ಇಲ್ಲ," ಅಂದೆ.

ಅಪ್ಪ ಸತ್ತ ವರ್ಷ ನನಗೆ ಹದಿಮೂರು. ಇವನೇ ಕೂರಿಸಿಕೊಂಡು ಮೋರ್ಸ್ ಕಲಿಸಿದವನು. ಅಳಬೇಡ ಅನ್ನಲಿಲ್ಲ. ಟಕ್ ಟಕ್ ಅಂತ ಎ, ಬಿ, ಸಿ.

ಅಕ್ಟೋಬರ್ 13, ಭಾನುವಾರ

ಎರಡು ದಿನದಿಂದ ಅಡುಗೆಮನೆಯಲ್ಲಿ ವಿನ್ನಿಯ ಹಾಗೆ ಹೊಡೆಯುವ ಅಭ್ಯಾಸ. ಮೋರ್ಸಿನಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ಅಡುಗೆಯಲ್ಲಿ ಇದ್ದ ಹಾಗೆ. ವಿನ್ನಿ ಉದ್ದ ಗೀಟನ್ನು ಇನ್ನೂ ಉದ್ದ ಎಳೆಯುತ್ತಿದ್ದಳು, ಚುಕ್ಕಿಗಳನ್ನು ನುಂಗುತ್ತಿದ್ದಳು. ವಾಕ್ಯದ ನಡುವೆ ಉಸಿರು ತೆಗೆದ ಹಾಗೆ ತಡೆಯುತ್ತಿದ್ದಳು. ಎಷ್ಟು ವರ್ಷ ಕೇಳಿದ್ದೇನೆ.

ತಪ್ಪು ಅಂತ ಗೊತ್ತು. ಇನ್ನೊಬ್ಬರ ಹೆಸರಲ್ಲಿ ಹೊಡೆದರೆ ರೇಡಿಯೊ ಲೈಸೆನ್ಸೇ ಹೋಗುತ್ತದೆ. ಅದಲ್ಲ ನಾನು ಹೇಳುತ್ತಿರುವ ತಪ್ಪು.

ಅಕ್ಟೋಬರ್ 15, ಮಂಗಳವಾರ. 11:00

ಆಯಿತು. ಮಾಡಿಬಿಟ್ಟೆ.

ರೇನೊನ ಕೋಲನ್ನು ಬಿಸಿಲ ಕೊಡೆಯ ಕಬ್ಬಿಣದ ಪೀಠಕ್ಕೆ ಸಿಕ್ಕಿಸಿ ನಿಲ್ಲಿಸಿದೆ, ಟ್ರಕ್ ಬಿಡಿಸಿಕೊಳ್ಳಲು. ಅವನ ಪಕ್ಕ ಕ್ರಿಸ್ಟಿಯನ್ನು ಕೂರಿಸಿ "ಪೇಸ್ಟಿ ತರ್ತೀನಿ" ಅಂದೆ. ಒಂದು ಮೈಲಿ ಆಚೆ, ಬೇಸ್‌ಬಾಲ್ ಮೈದಾನದ ಬೇಲಿಗೆ ಕಿಟಕಿ ಒರೆಸುವ ಕೋಲು ಕಟ್ಟಿ ಇನ್ನೊಂದು ವಯರ್ ಎಳೆದೆ. ದೂರದಿಂದ ಬಂದ ಹಾಗೆ ಕೇಳಲಿ ಅಂತ ಪವರ್ ಆದಷ್ಟು ಇಳಿಸಿದೆ. ಒಂಬತ್ತು ಗಂಟೆಗೆ ವಿನ್ನಿಯ ಕರೆ-ಗುರುತು ಹೊಡೆದೆ.

ಏನೂ ಇಲ್ಲ. ಬಹಳ ಹೊತ್ತು. ಆಮೇಲೆ ರೇನೊ ಬಂದ, ನಿಧಾನಕ್ಕೆ. ಗುಡ್ ಮಾರ್ನಿಂಗ್ ವಿನ್ನಿ.

ಜ್ವರ ಇತ್ತು, ಈಗ ಪರವಾಗಿಲ್ಲ, ಊಟ ಮಾಡುತ್ತಿದ್ದೀಯಾ ಅಂತ ಹೊಡೆದೆ. ಮಾಡುತ್ತೇನೆ ಅಂದ.

ಪೇಸ್ಟಿ ತಂದು ಕೊಟ್ಟೆ. ಆಲೂಗಡ್ಡೆ, ಮಾಂಸ, ಟರ್ನಿಪ್ಪು ತುಂಬಿದ ಕಡುಬು, ಚೂರೂ ಬಿಡದೆ ತಿಂದ. ಕ್ರಿಸ್ಟಿ ನನ್ನ ಕೈ ಒತ್ತಿದಳು. ನಾನು ಕೋಲು ಇಳಿಸಿ ಟ್ರಕ್ಕಿಗೆ ಹಾಕಿದೆ.

ಅಕ್ಟೋಬರ್ 18

ಮತ್ತೆ. ಹವಾಮಾನ, ಮೀನು. ಸೂಪ್ ಕುಡಿದ, ಏಲಕ್ಕಿ ಬ್ರೆಡ್ಡು ಎರಡು ಚೂರು.

"ಇವತ್ತು ಅವಳ ಸಿಗ್ನಲ್ ಜೋರು," ಅಂದೆ ನಾನೇ, ಮುಠ್ಠಾಳನ ಹಾಗೆ.

"ಹೂಂ. ಪಕ್ಕದ ಮನೆ ಥರ," ಅಂದ.

ಅಕ್ಟೋಬರ್ 22, ಮಂಗಳವಾರ

ಇವತ್ತು ರೇನೊ ಹವಾಮಾನ ಕೇಳಲಿಲ್ಲ. ಅವನು ಹೊಡೆದದ್ದನ್ನು ಕೇಳಿಸಿದಂತೆ ಬರೆದುಕೊಂಡ ಚೀಟಿ ಇಲ್ಲಿದೆ:

98ರ ಆಗಸ್ಟಿನಲ್ಲಿ ನಿನ್ನೂರಿಗೆ ಟಿಕೆಟ್ ತೆಗೆದಿದ್ದೆ. ಹಡಗಿನದೂ ಸೇರಿಸಿ. ಬ್ಯಾಗು ತುಂಬಿಸಿದ್ದೆ. ಹೊರಡಲಿಲ್ಲ. ಹೆದರಿದೆ. ನೀನು ಬಾಗಿಲು ತೆಗೆದು ಇವನೇನಾ ಅಂದುಕೊಂಡರೆ ಅಂತ. ಇಷ್ಟು ವರ್ಷ ಹೇಳಲಿಲ್ಲ.

ಮೋರ್ಸ್ ಹೊಡೆಯುವ ಕೀ ಮೇಲೆ ಬೆರಳಿಟ್ಟು ಕೂತೆ. ಬೇಲಿಯ ಮೇಲೆ ಒಂದು ಕಾಗೆ. ಸುಮ್ಮನಿದ್ದರೆ ಸಂಪರ್ಕ ಕಡಿದುಹೋಯಿತು ಅಂದುಕೊಳ್ಳುತ್ತಿದ್ದ. ನಾನು ಸುಮ್ಮನಿರಲಿಲ್ಲ.

ಬಂದಿದ್ದರೆ ಟೀ ಇಡುತ್ತಿದ್ದೆ, ವಾಪಸ್ ಕಳಿಸುತ್ತಿರಲಿಲ್ಲ — ಅಂತ ಹೊಡೆದೆ.

ಅವನಿಂದ ಬಂದದ್ದು ಎರಡು ಚುಕ್ಕಿ. ಮುಗಿಯಿತು ಅನ್ನುವುದಕ್ಕೆ ಹೊಡೆಯುವುದು.

ವಾಪಸ್ ಹೋದಾಗ ಪೇಸ್ಟಿ ಮುಟ್ಟಲಿಲ್ಲ. ದಣಿವು ಅಂದ.

ಅಕ್ಟೋಬರ್ 25, ಶುಕ್ರವಾರ

"ಇವತ್ತು ಪೇಸ್ಟಿಗೆ ಹೋಗಬೇಡ. ಕೂತ್ಕೋ," ಅಂದ ರೇನೊ.

ಕೂತೆ. ಕೋಲು ಎತ್ತಿಯಾಗಿತ್ತು, ರೇಡಿಯೊ ಆನ್ ಆಗಿತ್ತು. ಅವನು ಹೆಡ್‌ಫೋನ್ ಹಾಕಿಕೊಳ್ಳಲೇ ಇಲ್ಲ.

"ಯಾವತ್ತು ಹೋದ್ಲು?"

"ಎರಡನೇ ತಾರೀಖು."

ತಲೆ ಆಡಿಸಿದ.

"ಯಾವಾಗ ಗೊತ್ತಾಯ್ತು?" ಅಂದೆ.

"ಮೊದಲನೇ ಅಕ್ಷರಕ್ಕೇ. ಕೆಟ್ಟದಾಗಿ ಹೊಡೀಲಿಲ್ಲ ನೀನು, ನಾನೇ ಕಲಿಸಿದ್ದಲ್ವಾ. ಆದ್ರೆ ನೀನು ಹೊಡೆದಿದ್ದು ಹಳೇ ವಿನ್ನಿನ. ಈ ಬೇಸಿಗೆಯಿಂದ ಅವಳ ಕೈ ನಡುಗ್ತಿತ್ತು ಕಣೋ. ದಿನೇ ದಿನೇ ಜಾಸ್ತಿ. ಅವಳು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನಿನ್ನ ವಿನ್ನಿಗೆ ನಡುಕವೇ ಇಲ್ಲ."

"ಮತ್ತೆ ಯಾಕೆ ಮಾತಾಡಿದೆ ನನ್ನ ಹತ್ರ?"

"ನೀನು ಎಲ್ಲೋ ಚಳೀಲಿ ಕೋಲು ಕಟ್ಕೊಂಡು ಕೂತಿದ್ದೆ. ನಿನಗೋಸ್ಕರ ತಿಂದೆ." ಕಂಬಳಿ ಎಳೆದುಕೊಂಡ. "ಟಿಕೆಟಿನ ವಿಷಯ ಅವಳಿಲ್ಲ ಅಂತ ಗೊತ್ತಿದ್ದೇ ಹೇಳ್ದೆ. ಗಾಳಿಗೆ ಹೇಳಿದ್ದು. ನೀನು ಉತ್ತರ ಕೊಡಬಾರದಿತ್ತು ಆರ್ನೆ. ಅದೊಂದು ಮಾತನ್ನ ಮೂವತ್ತೊಂದು ವರ್ಷ ನಾನು ಅವಳನ್ನ ಕೇಳಿರಲಿಲ್ಲ. ಅವಳು ಏನಂತಿದ್ಲೋ. ಈಗ ನೆನೆಸಿಕೊಂಡ್ರೆ ನಿನ್ನ ಮಾತೇ ಕೇಳಿಸುತ್ತೆ."

ಕ್ರಿಸ್ಟಿಯನ್ನು ಕರೆದು ಒಳಗೆ ಕರಕೊಂಡು ಹೋಗು ಅಂದ. ತಿರುಗಿ ನೋಡಲಿಲ್ಲ.

ಅಕ್ಟೋಬರ್ 29

ಹೋದೆ. ಕೋಲು ಎತ್ತಿದೆ. ಅವನ ಕಿಟಕಿಯ ಪರದೆ ತೆಗೆಯಲಿಲ್ಲ. ಇಳಿಸಿದೆ.

ನವೆಂಬರ್ 1

ಹಾಗೇ.

ನವೆಂಬರ್ 8

ಹಿಮ. ಕೀಲುಗಳು ಹೆಪ್ಪುಗಟ್ಟಿ ತಿರುಗುತ್ತಿಲ್ಲ, ಬಾಯಿಂದ ಊದಿ ಬಿಸಿ ಮಾಡಿ ಎತ್ತಿದೆ. ಮ್ಯಾನೇಜರಮ್ಮ ಹೊರಗೆ ಬಂದಳು. ಗದರುತ್ತಾಳೆ ಅಂದುಕೊಂಡೆ. "ಅವರು ಇಳಿದು ಬರಲ್ಲ, ಒಳಗೆ ಬಂದು ಕಾಫಿನಾದ್ರೂ ಕುಡಿ," ಅಂದಳು. ಕುಡಿಯಲಿಲ್ಲ.

ನವೆಂಬರ್ 12, ಮಂಗಳವಾರ

ಕ್ರಿಸ್ಟಿ ಫೋನ್. ರೇನೊಗೆ ಎದೆಯಲ್ಲಿ ಕಫ, ಆಸ್ಪತ್ರೆಗೆ ಹೋಗಲೊಲ್ಲ, ನನ್ನನ್ನು ಕೇಳುತ್ತಿದ್ದಾನಂತೆ.

ಇಷ್ಟೇ ಆಗಿದ್ದಾನೆ ಹಾಸಿಗೆಯಲ್ಲಿ.

"ಅವಳ ಕಡೆಯವರು ಏನಂದ್ರು? ಒಂದೂ ಬಿಡಬೇಡ."

ಹೇಳಿದೆ. ಚರ್ಚು ತುಂಬ ಜನ ಬಂದಿದ್ದರಂತೆ. "ಒಳ್ಳೇದು," ಅಂದ. ಇನ್ನೊಂದು ಇತ್ತು, ಇಲ್ಲಿಯೂ ಬರೆದಿರಲಿಲ್ಲ. ಕೊನೆಯ ಬೆಳಿಗ್ಗೆ ವಿನ್ನಿಗೆ ಮಾತು ಹೋಗಿತ್ತಂತೆ. ಬೆರಳು ಮಾತ್ರ ದುಪ್ಪಟಿಯ ಮೇಲೆ ತಟ್ಟುತ್ತಿತ್ತಂತೆ. ಸೆಳೆತ ಅಂದುಕೊಂಡು ಬರ್ನಡೆಟ್ ಆ ಕೈ ಹಿಡಿದು ನಿಲ್ಲಿಸಿದಳಂತೆ.

ರೇನೊ ಕಣ್ಣು ಮುಚ್ಚಿದ. "ಏನು ಹೊಡೀತಿದ್ಲು?"

"ಬರ್ನಡೆಟ್‌ಗೆ ಮೋರ್ಸ್ ಬರಲ್ಲ ರೇನೊ."

"ಹೌದು. ಹೌದಲ್ವಾ."

ನಾನು ಕ್ಷಮಿಸು ಅಂದೆ.

"ಅದು ಆಮೇಲೆ. ಶುಕ್ರವಾರ ಕೋಲು ಎತ್ತು. ನನ್ನ ಕೈಯಾರೆ ಒಂದು ಸಲ ಕರೀತೀನಿ ಅವಳನ್ನ. ಉತ್ತರ ಬರಬಾರದು."

"ಬರಲ್ಲ."

"ಎತ್ತರಕ್ಕೆ ಎತ್ತು. ಪೂರಾ."

ನವೆಂಬರ್ 15, ಶುಕ್ರವಾರ. ಬೆಳಿಗ್ಗೆ 8:35, ಟ್ರಕ್ಕಿನಲ್ಲಿ

ಕೋಲು ನಿಂತಿದೆ. ಕಿಟಕಿ ಒರೆಸುವ ಕೋಲಿನ ಕೊನೆಯ ತುಂಡು ಕತ್ತರಿಸಿ ಮೇಲೆ ಸೇರಿಸಿದೆ, ಇಪ್ಪತ್ತೆಂಟು ಅಡಿ. ಗಾಳಿಯಿಲ್ಲ. ಕೀ ಬಿಸಿಯಾಗಿರಲಿ ಅಂತ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕ್ರಿಸ್ಟಿ ಕರಕೊಂಡು ಬರುತ್ತಾಳೆ. ರಾತ್ರಿ ಎರಡು ಚಮಚ ಗಂಜಿ ಕುಡಿದನಂತೆ, ಬೆಳಗಾಗುವುದಕ್ಕೆ ಮುಂಚೆಯೇ ಶರ್ಟು ಕೇಳಿದನಂತೆ.

8:58

ಇನ್ನೂ ಬಂದಿಲ್ಲ. ಬ್ಯಾಂಡು ಚೆನ್ನಾಗಿದೆ. ವಿನ್ನಿ ಬರುತ್ತಿದ್ದ ಜಾಗದಲ್ಲಿ ಯಾರೂ ಇಲ್ಲ, ಬರೀ ಸೊಂಯ್.

9:07

ಲಿಫ್ಟು ಕೆಟ್ಟಿರಬೇಕು. ಹೋದ ತಿಂಗಳೂ ಕೆಟ್ಟಿತ್ತು.

9:16

ಅವನ ಕೋಣೆಯ ದೀಪ ಹತ್ತಿತು. ಹಗಲಲ್ಲಿ ಯಾಕೆ.

9:21

ಕ್ರಿಸ್ಟಿ ಹೊರಗೆ ಬಂದಳು. ಒಬ್ಬಳೇ. ಕೋಟು ಹಾಕಿಕೊಂಡಿಲ್ಲ, ಹಿಮದಲ್ಲಿ ಆ ಚಪ್ಪಲಿಯಲ್ಲೇ — ಈ ಕಡೆಗೇ ಬರುತ್ತಿದ್ದಾಳೆ, ಮೆಲ್ಲಗೆ, ಇಲ್ಲ ಅಂತ ತಲೆ ಅಲ್ಲಾಡಿಸುತ್ತಾ. ನಾನಿನ್ನೂ ಕೀ ಜೇಬಿನಿಂದ ತೆಗೆದಿಲ್ಲ.